ಮತಪೆಟ್ಟಿಗೆ ಮತ್ತು ಶಾಲೆಯ ಬೊಕ್ಕಸ: ಕ್ಯಾಲಿಫೋರ್ನಿಯ ರಾಜ್ಯದ ತೆರಿಗೆನೀತಿಯ ಒಂದು ಅಧ್ಯಯನ

ಶಾಲೆಯೊಂದು ನಡೆಯಬೇಕಾದರೆ ಕಲಿಸುವ ಗುರು ಬೇಕು, ಕಲಿಯುವ ಮಕ್ಕಳು ಬೇಕು, ತಲೆಯ ಮೇಲೊಂದು ಸೂರು ಬೇಕು. ಇವು ಕಣ್ಣಿಗೆ ಕಾಣುವಂಥವು. ಕಾಣದಿದ್ದರೂ ಇವೆಲ್ಲವನ್ನೂ ಹಿಡಿದು ನಿಲ್ಲಿಸಿರುವ ಇನ್ನೊಂದು ಸಂಗತಿಯಿದೆ. ಅದು ತಿಂಗಳು ತಿಂಗಳೂ ತಪ್ಪದೆ ಬರಬೇಕಾದ ಹಣ. ನಮ್ಮ ನಾಡಿನ ಅನುದಾನಿತ ಶಾಲೆಗಳಲ್ಲಿ ಅಧ್ಯಾಪಕರ ವೇತನ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಕಟ್ಟಡ, ಪ್ರಸಾದ ನಿಲಯ, ಗ್ರಂಥಭಂಡಾರ ಮೊದಲಾದವು ಬಹುಮಟ್ಟಿಗೆ ದಾನಿಗಳ ಔದಾರ್ಯದಿಂದ ನಿಂತಿವೆ. ಈ ಏರ್ಪಾಡಿಗೆ ನಾವು ಎಷ್ಟರಮಟ್ಟಿಗೆ ಒಗ್ಗಿಹೋಗಿದ್ದೇವೆಂದರೆ, ಬೊಕ್ಕಸಕ್ಕೆ ಹಣ ಹರಿದುಬರುವ ಕಾಲುವೆಯನ್ನು ಯಾರು ತೆರೆಯುತ್ತಾರೆ, ಯಾರು ಮುಚ್ಚುತ್ತಾರೆ ಎಂಬುದನ್ನು ವಿಚಾರಿಸುವ ಗೋಜಿಗೇ ಹೋಗುವುದಿಲ್ಲ. ಆ ಕಾಲುವೆಗೆ ಮತದಾರರೇ ತಮ್ಮ ಕೈಯಾರೆ ಒಡ್ಡು ಹಾಕಿದ ನಿದರ್ಶನವೊಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿದೆ. ಶಿಕ್ಷಕರೂ ದಾನಿಗಳೂ ತಿಳಿದಿರಬೇಕಾದ ಸಂಗತಿಯಾದುದರಿಂದ ಅದನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ನಿರೂಪಿಸಲಾಗಿದೆ.

ಮೊದಲು ಅಲ್ಲಿಯ ಪದ್ಧತಿಯನ್ನು ಅರಿಯಬೇಕು. ನಮ್ಮ ಸಂವಿಧಾನದ 265ನೆಯ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ. ಆ ಕಾನೂನನ್ನು ಮಾಡುವವರು ನಾವು ಆರಿಸಿ ಕಳುಹಿಸಿದ ಪ್ರತಿನಿಧಿಗಳು. ಕ್ಯಾಲಿಫೋರ್ನಿಯದಲ್ಲಿ ಪ್ರತಿನಿಧಿಗಳ ಜೊತೆಗೆ ಜನರೇ ನೇರವಾಗಿ ಕಾನೂನು ಮಾಡಬಲ್ಲರು. 1911ರಲ್ಲಿ ಹೈರಮ್ ಜಾನ್ಸನ್ ಗವರ್ನರನಾಗಿದ್ದಾಗ ಈ ಅಧಿಕಾರವನ್ನು ಸಂವಿಧಾನದಲ್ಲಿ ಸೇರಿಸಲಾಯಿತು. ರೈಲ್ವೆ ಕಂಪನಿಯ ಹಿಡಿತದಿಂದ ಶಾಸನಸಭೆಯನ್ನು ಬಿಡಿಸುವುದು ಅಂದಿನ ಸುಧಾರಕರ ಆಶಯವಾಗಿತ್ತು. ನಿಗದಿತ ಸಂಖ್ಯೆಯ ಮತದಾರರ ರುಜು ಸಂಗ್ರಹಿಸಿದರೆ ಯಾವ ನಾಗರಿಕನಾದರೂ ಒಂದು ಪ್ರಸ್ತಾವವನ್ನು ಮತಪತ್ರದ ಮೇಲೆ ತರಬಹುದು. ಸಾಮಾನ್ಯ ಕಾನೂನಿಗೆ, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡಾ 5ರಷ್ಟು ರುಜು ಬೇಕು. ಸಂವಿಧಾನದ ತಿದ್ದುಪಡಿಗೆ ಶೇಕಡಾ 8ರಷ್ಟು. ಅಂಗೀಕಾರಕ್ಕೆ ಮಾತ್ರ ಎರಡಕ್ಕೂ ಸರಳ ಬಹುಮತವೇ ಸಾಕು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ.

ಇನ್ನು ಶಾಲೆಗಳ ವಿಷಯ. ಅಮೆರಿಕದ ಶಾಲೆಗಳು ಬಹುಕಾಲದಿಂದ ಊರಿನ ಮನೆಕಂದಾಯವನ್ನು ನೆಚ್ಚಿಕೊಂಡು ಬಂದವು. ಪ್ರತಿಯೊಂದು ಶಾಲಾ ಜಿಲ್ಲೆಗೂ ತನ್ನದೇ ಚುನಾಯಿತ ಮಂಡಳಿ, ತನ್ನದೇ ತೆರಿಗೆಯ ದರ. ಊರಿನವರು ಕೊಟ್ಟ ಹಣ ಊರಿನ ಶಾಲೆಗೆ ಎಂಬ ಈ ನಿಯಮ ಕೇಳಲು ನ್ಯಾಯವಾಗಿಯೇ ತೋರುತ್ತದೆ. ಆದರೆ ಊರುಗಳೆಲ್ಲ ಸಮಾನವಲ್ಲವಷ್ಟೆ? ಲಾಸ್ ಏಂಜಲೀಸ್ ಜಿಲ್ಲೆಯ ಬಾಲ್ಡ್ವಿನ್ ಪಾರ್ಕ್ ಎಂಬ ಬಡವರ ಊರಿನಲ್ಲಿ, ನಿರ್ಧರಿತ ಮೌಲ್ಯದ ಪ್ರತಿ 100 ಡಾಲರಿಗೆ ಶಾಲೆಗಾಗಿ 5 ಡಾಲರು 48 ಸೆಂಟುಗಳ ತೆರಿಗೆ ಸಲ್ಲುತ್ತಿತ್ತು. ಸಿರಿವಂತರ ಬೆವರ್ಲಿ ಹಿಲ್ಸಿನಲ್ಲಿ ಕೇವಲ 2 ಡಾಲರು 38 ಸೆಂಟು. ಹೀಗಿದ್ದರೂ 1968-69ರಲ್ಲಿ ಬಾಲ್ಡ್ವಿನ್ ಪಾರ್ಕಿನ ಮಗುವೊಂದಕ್ಕೆ ವೆಚ್ಚವಾದುದು ಸುಮಾರು 577 ಡಾಲರು, ಬೆವರ್ಲಿ ಹಿಲ್ಸಿನ ಮಗುವಿಗೆ ಸುಮಾರು 1,232 ಡಾಲರು. ಮಗುವೊಂದರ ತಲೆಗೆ ಬರುವ ಆಸ್ತಿಯ ಮೌಲ್ಯ ಎರಡನೆಯ ಊರಿನಲ್ಲಿ ಮೊದಲನೆಯದರ 13 ಪಾಲಿಗಿಂತ ಹೆಚ್ಚಾಗಿದ್ದುದೇ ಇದಕ್ಕೆ ಕಾರಣ. ಹೆಚ್ಚು ದರ ತೆತ್ತವನಿಗೆ ಕಡಿಮೆ ಶಿಕ್ಷಣ, ಕಡಿಮೆ ದರ ತೆತ್ತವನಿಗೆ ಹೆಚ್ಚು ಶಿಕ್ಷಣ! ಸೆರಾನೊ ಮೊಕದ್ದಮೆಯೆಂದು ಪ್ರಸಿದ್ಧವಾದ ವ್ಯಾಜ್ಯದಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1971ರಲ್ಲಿಯೂ ಮತ್ತೆ 1976ರಲ್ಲಿಯೂ ಈ ಪದ್ಧತಿ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಊರಿನ ತೆರಿಗೆ ಇನ್ನು ಸಂಪೂರ್ಣವಾಗಿ ಊರಿನ ಶಾಲೆಯದಲ್ಲ ಎಂಬುದು ಇದರ ತಾತ್ಪರ್ಯ. ತನ್ನ ಊರಿನ ಮಕ್ಕಳಿಗೇ ನೇರವಾಗಿ ಸಲ್ಲದ ತೆರಿಗೆಯನ್ನು ಮತದಾರ ಏಕೆ ಒಲಿದು ಕೊಟ್ಟಾನು ಎಂದು ಕೇಳಿ, ಮುಂದಿನ ಬಂಡಾಯಕ್ಕೆ ಈ ತೀರ್ಪೇ ಮೂಲವೆಂದು ವಾದಿಸಿದ ವಿಲಿಯಂ ಫಿಷೆಲ್ ಎಂಬ ಅರ್ಥಶಾಸ್ತ್ರಜ್ಞರಿದ್ದಾರೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ನನಗೂ ಇದು ಹಲವು ಕಾರಣಗಳಲ್ಲಿ ಒಂದೆಂದಷ್ಟೇ ತೋರುತ್ತದೆ.

ಬಲವಾದ ಕಾರಣ ಬೇರೊಂದಿತ್ತು. ಆಸ್ತಿಯ ಮೌಲ್ಯವನ್ನು ಗೊತ್ತುಮಾಡುವ ಅಧಿಕಾರಿಗಳು ಹಿಂದೆ ಮನೆಗಳಿಗೆ ಕಡಿಮೆ, ವ್ಯಾಪಾರದ ಕಟ್ಟಡಗಳಿಗೆ ಹೆಚ್ಚು ಮೌಲ್ಯ ಹಾಕುವ ರೂಢಿಯಿತ್ತು. ಕಾನೂನಿನ ಕಣ್ಣಿಗೆ ಅದು ತಪ್ಪು. ಆದರೆ ಮನೆಯವರಿಗೆ ನೆರಳಾಗಿತ್ತು. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೌಲ್ಯಾಧಿಕಾರಿಯ ಲಂಚದ ಹಗರಣ ಬಯಲಿಗೆ ಬಂದು, ಮರುವರ್ಷವೇ ಎಲ್ಲ ಆಸ್ತಿಗೂ ಮಾರುಕಟ್ಟೆ ಬೆಲೆಯ ಕಾಲುಭಾಗವನ್ನು ಸಮನಾಗಿ ನಿರ್ಧರಿಸತಕ್ಕದ್ದೆಂದು ಶಾಸನವಾಯಿತು. ಭ್ರಷ್ಟಾಚಾರವನ್ನು ತೊಡೆಯಲು ಬಂದ ಶಾಸನವೇ ಮನೆಗಳ ಮೇಲಿದ್ದ ನೆರಳನ್ನೂ ತೆಗೆದುಹಾಕಿತು. 1970ರ ದಶಕದಲ್ಲಿ ಹಣದುಬ್ಬರದೊಡನೆ ಮನೆಗಳ ಬೆಲೆ ಗಗನಕ್ಕೇರಿದಾಗ ತೆರಿಗೆಯೂ ಅದರ ಬೆನ್ನುಹತ್ತಿ ಏರಿತು. ಮನೆಯ ಬೆಲೆ ಏರಿದ ಮಾತ್ರಕ್ಕೆ ಮನೆಯೊಡೆಯನ ಕೈಗೆ ಹಣ ಬರುವುದಿಲ್ಲ. ನಿವೃತ್ತಿವೇತನದಲ್ಲಿ ಬದುಕುವ ವೃದ್ಧೆಯೊಬ್ಬಳು ಮೂವತ್ತು ವರ್ಷ ಬಾಳಿದ ಮನೆಯನ್ನು ತೆರಿಗೆ ಕಟ್ಟಲಾರದೆ ಮಾರಬೇಕಾದೀತೆಂಬ ಭಯ ಕಲ್ಪಿತವಾದುದಲ್ಲ. ಇದೇ ವೇಳೆಗೆ ರಾಜಧಾನಿ ಸ್ಯಾಕ್ರಮೆಂಟೊದ ಬೊಕ್ಕಸದಲ್ಲಿ ಹಲವು ನೂರು ಕೋಟಿ ಡಾಲರುಗಳ ಮಿಗತೆ ಕೂಡಿತ್ತು. ಅತ್ತ ಮಿಗತೆ, ಇತ್ತ ಮನೆ ಮಾರುವ ಭೀತಿ. ಜನ ರೊಚ್ಚಿಗೆದ್ದುದರಲ್ಲಿ ಆಶ್ಚರ್ಯವೇನಿದೆ?

ಹೊವಾರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಎಂಬ ಇಬ್ಬರು ಈ ರೋಷಕ್ಕೆ ಬಾಯಿ ಕೊಟ್ಟರು. ಜಾರ್ವಿಸ್ ಬಾಡಿಗೆ ಮನೆಗಳ ಮಾಲಿಕರ ಸಂಘದಲ್ಲಿ ದುಡಿದವನೆಂಬುದನ್ನು ಇಲ್ಲಿ ಹೇಳಲೇಬೇಕು. ಮತದಾನಕ್ಕೆ ಕೆಲವೇ ವಾರಗಳಿರುವಾಗ ಲಾಸ್ ಏಂಜಲೀಸ್ ಜಿಲ್ಲೆಯ ಹೊಸ ಮೌಲ್ಯಗಳು ಪ್ರಕಟವಾಗಿ, ತೂಗಾಡುತ್ತಿದ್ದವರನ್ನೂ ಒಂದೇ ಕಡೆಗೆ ವಾಲಿಸಿದವು. ಶಾಸನಸಭೆ ಮುಂದಿಟ್ಟಿದ್ದ ಮಿತವಾದ ಪರ್ಯಾಯ ಸೋತಿತು. 1978ರ ಜೂನ್ 6ರಂದು, ಹೆಚ್ಚುಕಡಿಮೆ ಶೇಕಡಾ 65ರಷ್ಟು ಮತಗಳಿಂದ 13ನೆಯ ಪ್ರಸ್ತಾವ ಅಂಗೀಕೃತವಾಯಿತು.

ಆ ಪ್ರಸ್ತಾವದಲ್ಲಿ ಏನಿತ್ತು? ಅಂದು ಸರಾಸರಿ ಶೇಕಡಾ 2.67ರಷ್ಟಿದ್ದ ಆಸ್ತಿ ತೆರಿಗೆಯ ದರ ಶೇಕಡಾ 1ನ್ನು ಮೀರಕೂಡದು. ಮೌಲ್ಯವನ್ನು 1975-76ರ ಮಟ್ಟಕ್ಕೆ ಇಳಿಸತಕ್ಕದ್ದು. ಅನಂತರ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮನೆ ಕೈಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆಯ ಬೆಲೆಗೆ ತರಬಹುದು. ಇವಿಷ್ಟು ಎಲ್ಲರ ಗಮನ ಸೆಳೆದ ಮಾತುಗಳು. ಹೆಚ್ಚು ಜನ ಲಕ್ಷಿಸದ ಇನ್ನೊಂದು ಮಾತಿತ್ತು: ರಾಜ್ಯ ಸರ್ಕಾರ ಯಾವ ತೆರಿಗೆಯನ್ನು ಏರಿಸಬೇಕಾದರೂ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಊರಿನ ಸಂಸ್ಥೆಗಳು ಗೊತ್ತಾದ ಉದ್ದೇಶಕ್ಕೆ ವಿಶೇಷ ತೆರಿಗೆ ಹಾಕಬೇಕಾದರೆ ಮತದಾರರಲ್ಲಿಯೇ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆ ಬೇಕು. ಸರಳ ಬಹುಮತದಿಂದ ಹಾಕಿದ ಗಂಟು, ಬಿಚ್ಚಲು ಮಾತ್ರ ವಿಶೇಷ ಬಹುಮತ! ತೆರಿಗೆ ಬೇಕೆನ್ನುವವರು ನೂರಕ್ಕೆ 66 ಮಂದಿಯಿದ್ದರೂ ಬೇಡವೆನ್ನುವ 34 ಮಂದಿಯ ಮಾತೇ ನಡೆಯುತ್ತದೆ.

ಲೆಕ್ಕವೊಂದನ್ನು ಮಾಡಿ ನೋಡೋಣ. ಒಂದೇ ಬೀದಿಯಲ್ಲಿ ಒಂದೇ ಬಗೆಯ ಎರಡು ಮನೆಗಳಿವೆಯೆಂದು ಭಾವಿಸಿರಿ. ಮೊದಲನೆಯದನ್ನು ಒಬ್ಬನು 1975ರಲ್ಲಿ 50,000 ಡಾಲರಿಗೆ ಕೊಂಡನು. ವರ್ಷಕ್ಕೆ ಶೇಕಡಾ 2ರಂತೆ ಏರಿ ಇಪ್ಪತ್ತು ವರ್ಷಗಳ ಮೇಲೆ ತೆರಿಗೆಯ ಪುಸ್ತಕದಲ್ಲಿ ಅದರ ಮೌಲ್ಯ ಸುಮಾರು 74,300 ಡಾಲರು. ತೆರಿಗೆ 743 ಡಾಲರು. ಎರಡನೆಯದನ್ನು 1995ರಲ್ಲಿ ಇನ್ನೊಬ್ಬನು 2,50,000 ಡಾಲರು ಕೊಟ್ಟು ಕೊಂಡರೆ ಅವನ ತೆರಿಗೆ 2,500 ಡಾಲರು. ಇಬ್ಬರ ಮಕ್ಕಳೂ ಹೋಗುವುದು ಒಂದೇ ಶಾಲೆಗೆ, ಇಬ್ಬರ ಕಸವನ್ನೂ ಒಯ್ಯುವುದು ಒಂದೇ ಬಂಡಿ. ಇದು ಕೇವಲ ಕಾಗದದ ಲೆಕ್ಕವಲ್ಲ. 1988ರಲ್ಲಿ ಲಾಸ್ ಏಂಜಲೀಸಿನಲ್ಲಿ 1,70,000 ಡಾಲರಿಗೆ ಮನೆ ಕೊಂಡ ಮಹಿಳೆಯೊಬ್ಬಳು, ಅಂಥದೇ ಮನೆಯಲ್ಲಿ 1975ರಿಂದ ಇದ್ದ ನೆರೆಯವರಿಗಿಂತ ಸುಮಾರು ಐದು ಪಟ್ಟು ತೆರಿಗೆ ತಾನು ತೆರುತ್ತಿರುವೆನೆಂದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದಳು. ನಾರ್ಡ್ಲಿಂಗರ್ ಮೊಕದ್ದಮೆ ಎಂದು ಹೆಸರಾದ ಆ ವ್ಯಾಜ್ಯದಲ್ಲಿ, 1992ರಲ್ಲಿ ಎಂಟು ನ್ಯಾಯಮೂರ್ತಿಗಳು ಪ್ರಸ್ತಾವದ ಪರವಾಗಿಯೂ ಸ್ಟೀವನ್ಸ್ ಒಬ್ಬರು ಮಾತ್ರ ವಿರುದ್ಧವಾಗಿಯೂ ತೀರ್ಪಿತ್ತರು. ಸ್ಯಾನ್ ಹೊಸೆಯ ಸುತ್ತಮುತ್ತ ಇತ್ತೀಚಿನ ದಶಕಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಈ ಲೆಕ್ಕವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ತಡವಾಗಿ ಬಂದು ಕೊಂಡವರ ಸಾಲಿನಲ್ಲಿ ಅವರೂ ಇದ್ದಾರೆ.

ವೃದ್ಧೆಯ ಹೆಸರಿನಲ್ಲಿ ಬಂದ ರಕ್ಷಣೆ ಅವಳಿಗೆ ಮಾತ್ರ ಸಂದಿತೆ? ಇಲ್ಲ. ಕಾರ್ಖಾನೆ, ಅಂಗಡಿ, ಕಚೇರಿಗಳಿಗೂ ಅದೇ ಮಿತಿ ಅನ್ವಯಿಸಿತು. ಮನುಷ್ಯ ಸಾಯುತ್ತಾನೆ, ಮನೆ ಮಾರುತ್ತಾನೆ, ಊರು ಬಿಡುತ್ತಾನೆ. ಆಗೆಲ್ಲ ಮೌಲ್ಯ ಹೊಸದಾಗುತ್ತದೆ. ಕಂಪನಿಗೆ ಸಾವಿಲ್ಲ. ಅದರ ಷೇರುಗಳು ದಿನವೂ ಕೈಬದಲಾಗುತ್ತಿದ್ದರೂ, ಯಾರೊಬ್ಬರ ಕೈಗೂ ಅರ್ಧಕ್ಕಿಂತ ಹೆಚ್ಚು ಪಾಲು ಸೇರದಿದ್ದರೆ ಅದರ ನೆಲ ಕೈಬದಲಾದಂತೆ ಲೆಕ್ಕವಾಗುವುದಿಲ್ಲ. ಬಾಡಿಗೆದಾರರ ಪಾಡೂ ಅಷ್ಟೆ. ತೆರಿಗೆ ಇಳಿದರೆ ಬಾಡಿಗೆಯೂ ಇಳಿದೀತೆಂದು ನಂಬಿದ್ದವರು ನಿರಾಶರಾದರು. ಸ್ಯಾಂಟ ಮೋನಿಕದಂತಹ ನಗರಗಳಲ್ಲಿ ಮರುವರ್ಷವೇ ಬಾಡಿಗೆ ನಿಯಂತ್ರಣದ ಕಾನೂನು ಬಂದುದಕ್ಕೆ ಈ ನಿರಾಶೆ ಒಂದು ಕಾರಣ.

ಒಂದೇ ಏಟಿಗೆ ಆಸ್ತಿ ತೆರಿಗೆಯ ಆದಾಯ ಅರ್ಧಕ್ಕಿಂತಲೂ ಹೆಚ್ಚು ಕುಸಿಯಿತು. ಆ ಬೇಸಗೆಯಲ್ಲಿಯೇ ಹೆಚ್ಚಿನ ಶಾಲೆಗಳು ಬೇಸಗೆ ತರಗತಿಗಳನ್ನು ನಿಲ್ಲಿಸಿದವು. ಗ್ರಂಥಾಲಯಗಳ ಬಾಗಿಲು ಬೇಗ ಮುಚ್ಚತೊಡಗಿತು. ಆದರೂ ಸರ್ವನಾಶವೇನೂ ಆಗಲಿಲ್ಲ. ಪ್ರಸ್ತಾವವನ್ನು ವಿರೋಧಿಸಿದ್ದ ಗವರ್ನರ್ ಜೆರಿ ಬ್ರೌನ್ ಜನರ ತೀರ್ಪಿಗೆ ತಲೆಬಾಗಿ, ಕೂಡಿಟ್ಟ ಮಿಗತೆಯನ್ನು ಶಾಲೆಗಳಿಗೂ ಜಿಲ್ಲೆಗಳಿಗೂ ಹಂಚಿಕೊಟ್ಟರು. ಮರುವರ್ಷದ ಶಾಸನ ಆ ಏರ್ಪಾಡನ್ನೇ ಶಾಶ್ವತವಾಗಿಸಿತು. ನನ್ನ ಎಣಿಕೆಯಲ್ಲಿ 13ನೆಯ ಪ್ರಸ್ತಾವದ ನಿಜವಾದ ಪರಿಣಾಮವಿರುವುದು ಇಲ್ಲಿಯೇ. ಹಣ ಕಡಿಮೆಯಾದುದಕ್ಕಿಂತಲೂ ಥೈಲಿ ಊರಿನಿಂದ ರಾಜಧಾನಿಗೆ ಹೋದದ್ದು ದೊಡ್ಡ ಸಂಗತಿ. ಶೇಕಡಾ 1ರ ತೆರಿಗೆಯಲ್ಲಿ ಶಾಲೆಗೆಷ್ಟು, ಬೆಂಕಿ ಆರಿಸುವ ಪಡೆಗೆಷ್ಟು ಎಂಬುದನ್ನು ಊರಿನವರ ಬದಲು ಸ್ಯಾಕ್ರಮೆಂಟೊದವರು ಗೊತ್ತುಮಾಡುವಂತಾಯಿತು. ಸರ್ಕಾರದ ಕೈಯನ್ನು ದೂರವಿಡಬೇಕೆಂದು ಮತ ಕೊಟ್ಟವರು, ತಮ್ಮ ಮನೆಬಾಗಿಲಿನ ಸರ್ಕಾರದ ಕೈಯಿಂದ ಕಸಿದು ದೂರದ ಸರ್ಕಾರದ ಕೈಗೆ ಕೊಟ್ಟರು.

ದೂರದ ಬೊಕ್ಕಸದ ಸ್ವಭಾವವೂ ಬೇರೆ. ಆಸ್ತಿ ತೆರಿಗೆ ಕೆರೆಯ ನೀರಿನಂತೆ, ಮಳೆ ಹಿಂದುಮುಂದಾದರೂ ಒಂದಿಷ್ಟು ನಿಂತಿರುತ್ತದೆ. ರಾಜ್ಯವು ಮುಖ್ಯವಾಗಿ ನೆಚ್ಚಿರುವ ವರಮಾನ ತೆರಿಗೆ ಹಳ್ಳದ ನೀರು. ಅತಿ ಶ್ರೀಮಂತರಾದ ಶೇಕಡಾ 1ರಷ್ಟು ಮಂದಿಯೇ ಹಲವು ವರ್ಷಗಳಲ್ಲಿ ಅದರ ಶೇಕಡಾ 40ಕ್ಕೂ ಮಿಗಿಲಾದ ಪಾಲನ್ನು ಕೊಟ್ಟಿದ್ದಾರೆ. ಷೇರುಪೇಟೆ ಬಿದ್ದರೆ ಅವರ ಲಾಭ ಬೀಳುತ್ತದೆ, ಲಾಭ ಬಿದ್ದರೆ ದೂರದ ಹಳ್ಳಿಯ ಶಾಲೆಯ ಹಣ ಬೀಳುತ್ತದೆ. 2009ರ ಜುಲೈನಲ್ಲಿ ಆ ಸಂಪನ್ನ ರಾಜ್ಯ ನಗದಿಲ್ಲದೆ, ಸಲ್ಲಬೇಕಾದವರಿಗೆ ಮುಂದೆ ಕೊಡುವೆವೆಂಬ ಚೀಟಿಗಳನ್ನು ಬರೆದುಕೊಟ್ಟ ಪ್ರಸಂಗವನ್ನು ಹಲವರು ಬಲ್ಲರು.

ಇಂತಹ ಬೊಕ್ಕಸದ ಮುಂದೆ ಕೈಚಾಚಿ ನಿಂತ ಪ್ರತಿಯೊಂದು ಬಾಬೂ ತನ್ನ ಪಾಲನ್ನು ಮತಪೆಟ್ಟಿಗೆಯ ಮೂಲಕವೇ ಭದ್ರಪಡಿಸಿಕೊಳ್ಳಲು ಹೊರಟದ್ದು ಸಹಜ. 1979ರಲ್ಲಿ ಗ್ಯಾನನದೇ 4ನೆಯ ಪ್ರಸ್ತಾವ ಸರ್ಕಾರದ ಒಟ್ಟು ವೆಚ್ಚಕ್ಕೆ ಮಿತಿ ಹಾಕಿತು. 1988ರಲ್ಲಿ ಶಿಕ್ಷಣದ ಪರವಾದವರು 98ನೆಯ ಪ್ರಸ್ತಾವವನ್ನು ತಂದು, ಅಲ್ಪ ಬಹುಮತದಿಂದ ಗೆದ್ದು, ಶಾಲೆಗಳಿಗೂ ಸಮುದಾಯ ಕಾಲೇಜುಗಳಿಗೂ ಸಾಮಾನ್ಯ ನಿಧಿಯಿಂದ ಇಂತಿಷ್ಟು ಸಲ್ಲಲೇಬೇಕೆಂಬ ಕನಿಷ್ಠ ಮಿತಿಯನ್ನು ಸಂವಿಧಾನದಲ್ಲಿಯೇ ಬರೆಸಿದರು. ಅದು ಸ್ಥೂಲವಾಗಿ ಶೇಕಡಾ 40ರ ಸುತ್ತ ಬರುತ್ತದೆ. ಶಿಕ್ಷಕನಾಗಿ ಇದನ್ನು ಓದುವಾಗ ಸಂತೋಷವಾಗುವುದು ಸಹಜವೇ. ಆದರೆ ಒಂದು ಬಾಬಿನ ಪಾಲನ್ನು ಕಟ್ಟಿಟ್ಟರೆ ಕಟ್ಟಿಲ್ಲದವುಗಳ ಮೇಲೆ ಭಾರ ಬೀಳಲೇಬೇಕು. ವಿಶ್ವವಿದ್ಯಾನಿಲಯಗಳಿಗೆ ಅಂತಹ ರಕ್ಷೆಯಿರಲಿಲ್ಲ. 2009ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ ತನ್ನ ಶುಲ್ಕವನ್ನು ಶೇಕಡಾ 32ರಷ್ಟು ಏರಿಸಲು ನಿರ್ಣಯಿಸಿತು. ಮನೋರೋಗಿಗಳ ಚಿಕಿತ್ಸೆಗೆಂದು 2004ರ 63ನೆಯ ಪ್ರಸ್ತಾವ, ಹತ್ತು ಲಕ್ಷ ಡಾಲರು ಮೀರಿದ ವರಮಾನದ ಮೇಲೆ ಶೇಕಡಾ 1ರ ಪ್ರತ್ಯೇಕ ತೆರಿಗೆಯನ್ನೇ ಹಾಕಿತು. ನಮ್ಮಲ್ಲಿ ಮನೆಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರವೆಂದು ಪ್ರತ್ಯೇಕವಾಗಿ ಬರೆದಿರುವುದನ್ನು ಓದುಗರು ಕಂಡಿರಬಹುದು, ತತ್ತ್ವ ಅದೇ. ನಮ್ಮದನ್ನು ಶಾಸನಸಭೆ ಹಾಕಿತು, ಬೇಕಾದಾಗ ತಿದ್ದಬಹುದು. ಅಲ್ಲಿ ಮತದಾರರು ಹಾಕಿದ್ದನ್ನು ಮನಬಂದಂತೆ ತಿದ್ದಲು ಶಾಸನಸಭೆಗೆ ಅಧಿಕಾರವಿಲ್ಲ. ಕೊಲೊರಾಡೊ ರಾಜ್ಯದಲ್ಲಿಯೂ ಇದೇ ನಡೆಯಿತು. 1992ರ ಪ್ರಸ್ತಾವ ಆದಾಯದ ಬೆಳವಣಿಗೆಗೆ ಮಿತಿ ಹಾಕಿತು. 2000ದಲ್ಲಿ ಇನ್ನೊಂದು ಪ್ರಸ್ತಾವ ಶಾಲೆಗಳ ಅನುದಾನ ವರ್ಷವರ್ಷವೂ ಏರಲೇಬೇಕೆಂದಿತು. ಎರಡರ ನಡುವೆ ಉಸಿರುಕಟ್ಟಿ, 2005ರಲ್ಲಿ ಐದು ವರ್ಷಗಳ ಮಟ್ಟಿಗೆ ಮೊದಲನೆಯ ಮಿತಿಯನ್ನು ಅದೇ ಜನರೇ ಸಡಿಲಿಸಬೇಕಾಯಿತು.

ದಾನಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಊರಿನ ತೆರಿಗೆಯ ದಾರಿ ಮುಚ್ಚಿದ ಮೇಲೆ ಕ್ಯಾಲಿಫೋರ್ನಿಯದ ಅನೇಕ ಊರುಗಳಲ್ಲಿ ಪೋಷಕರು ಶಾಲಾ ಪ್ರತಿಷ್ಠಾನಗಳನ್ನು ಕಟ್ಟಿಕೊಂಡು ಚಂದಾ ಎತ್ತತೊಡಗಿದರು. ಸರ್ಕಾರಿ ಶಾಲೆಯ ಸಂಗೀತದ ಮೇಷ್ಟ್ರಿಗೂ ಗ್ರಂಥಪಾಲಕನಿಗೂ ಸಂಬಳ ಕೊಡಲು ಚಂದಾ! ಇನ್ನು ಕೆಲವು ಕಡೆ, ಮೂರರಲ್ಲಿ ಎರಡು ಪಾಲಿನ ಮತ ಗಳಿಸಿ, ನಿವೇಶನವೊಂದಕ್ಕೆ ಇಷ್ಟು ಎಂದು ತೆರಿಗೆ ಹಾಕಿದರು. ಮೌಲ್ಯಕ್ಕೆ ತಕ್ಕಂತೆ ಹಾಕಲು ಶೇಕಡಾ 1ರ ಮಿತಿ ಅಡ್ಡಬರುವುದರಿಂದ ಬಂಗಲೆಗೂ ಗುಡಿಸಿಲಿನಂಥ ಮನೆಗೂ ಬಹುಮಟ್ಟಿಗೆ ಒಂದೇ ದರ. ಈ ಎರಡು ದಾರಿಗಳೂ ಯಾವ ಊರುಗಳಿಗೆ ಸುಲಭವೆಂಬುದನ್ನು ವಿವರಿಸಬೇಕಾಗಿಲ್ಲ. ದಾನವೆಂಬುದು ಎಷ್ಟೇ ದೊಡ್ಡ ಗುಣವಾದರೂ ಅದು ದಾನಿಗಳಿರುವ ಕಡೆಗೇ ಹರಿಯುತ್ತದೆ. ಸೆರಾನೊ ತೀರ್ಪು ಮುಂಬಾಗಿಲಿನಿಂದ ಹೊರಕ್ಕಟ್ಟಿದ್ದ ಅಸಮಾನತೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು.

13ನೆಯ ಪ್ರಸ್ತಾವವನ್ನು ತಿದ್ದಲು ಯಾರೂ ಯತ್ನಿಸಲಿಲ್ಲವೆಂದಲ್ಲ. 2000ದ 39ನೆಯ ಪ್ರಸ್ತಾವ, ಶಾಲಾ ಕಟ್ಟಡಗಳ ಸಾಲಪತ್ರಕ್ಕೆ ಬೇಕಾದ ಮತವನ್ನು ಶೇಕಡಾ 55ಕ್ಕೆ ಇಳಿಸಿತು. 2020ರ 15ನೆಯ ಪ್ರಸ್ತಾವ, ಮನೆಗಳನ್ನು ಬಿಟ್ಟು ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಮಾತ್ರ ಮಾರುಕಟ್ಟೆಯ ಬೆಲೆಯಂತೆ ತೆರಿಗೆ ಹಾಕಿ, ಬಂದ ಹಣದ ಶೇಕಡಾ 40ರಷ್ಟನ್ನು ಶಾಲೆ ಕಾಲೇಜುಗಳಿಗೂ ಉಳಿದುದನ್ನು ಸ್ಥಳೀಯ ಸಂಸ್ಥೆಗಳಿಗೂ ಕೊಡಬೇಕೆಂದಿತು. ಅದರಿಂದ ವರ್ಷಕ್ಕೆ 650ರಿಂದ 1,150 ಕೋಟಿ ಡಾಲರು ಬಂದೀತೆಂಬ ಅಂದಾಜಿತ್ತು. ವೃದ್ಧೆಯನ್ನೂ ಕಂಪನಿಯನ್ನೂ ಬೇರ್ಪಡಿಸುವ ಈ ಯತ್ನ ನನಗೆ ನ್ಯಾಯವಾಗಿಯೇ ತೋರುತ್ತದೆ. ಮತದಾರರು ಮಾತ್ರ ಶೇಕಡಾ 52ಕ್ಕೆ 48ರಂತೆ ಅದನ್ನು ತಿರಸ್ಕರಿಸಿದರು.

ಇಷ್ಟೆಲ್ಲ ಅಂಕಿಗಳ ಕೆಳಗೆ ಒಬ್ಬ ಅಧ್ಯಾಪಕನನ್ನು ನಿಲ್ಲಿಸಿ ನೋಡಬೇಕು. ಅಲ್ಲಿಯ ಕಾನೂನಿನಂತೆ, ಮುಂದಿನ ವರ್ಷ ಕೆಲಸವಿರಲಾರದೆಂಬ ಮುನ್ಸೂಚನೆಯ ಪತ್ರವನ್ನು ಶಾಲಾ ಮಂಡಳಿ ಮಾರ್ಚ್ 15ರೊಳಗೆ ಅಧ್ಯಾಪಕನಿಗೆ ಕೊಡತಕ್ಕದ್ದು. ಗವರ್ನರನ ಪರಿಷ್ಕೃತ ಆಯವ್ಯಯ ಹೊರಬೀಳುವುದು ಮೇ ತಿಂಗಳ ನಡುವೆ. ಶಾಸನಸಭೆ ಅದನ್ನು ಅಂಗೀಕರಿಸಬೇಕಾದದ್ದು ಜೂನ್ 15ರೊಳಗೆ. ಆದುದರಿಂದ ಹಣ ಎಷ್ಟು ಬರುವುದೆಂದು ತಿಳಿಯುವ ಮೊದಲೇ ಮಂಡಳಿಗಳು ಭಯದಿಂದ ಪತ್ರ ಬರೆಯುತ್ತವೆ. ಕೆಟ್ಟ ವರ್ಷಗಳಲ್ಲಿ ಸಾವಿರಗಟ್ಟಲೆ ಅಧ್ಯಾಪಕರು ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಪಾಠ ಮಾಡುತ್ತಾರೆ. 2012ರಲ್ಲಿ ಕಾಯುವಿಕೆ ಇನ್ನೂ ಉದ್ದವಾಯಿತು. 1978ರಲ್ಲಿ ಗವರ್ನರರಾಗಿದ್ದ ಜೆರಿ ಬ್ರೌನರೇ ಮೂವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ಆ ಪೀಠದಲ್ಲಿದ್ದರು. ಹೆಚ್ಚು ವರಮಾನದವರ ಮೇಲೆ ಏಳು ವರ್ಷ, ಮಾರಾಟದ ಮೇಲೆ ನಾಲ್ಕು ವರ್ಷ ಹೆಚ್ಚುವರಿ ತೆರಿಗೆ ಹಾಕುವ 30ನೆಯ ಪ್ರಸ್ತಾವವನ್ನು ಅವರು ಜನರ ಮುಂದಿಟ್ಟರು. ಅದು ಸೋತರೆ ಸುಮಾರು 600 ಕೋಟಿ ಡಾಲರುಗಳ ಕಡಿತ, ಅದರಲ್ಲಿ ಬಹುಪಾಲು ಶಾಲೆಗಳಿಂದಲೇ, ತಾನಾಗಿ ಜಾರಿಗೆ ಬರುವಂತೆ ಆಯವ್ಯಯ ರಚಿತವಾಗಿತ್ತು. ಹಾಗಾದಲ್ಲಿ ಶಾಲೆಯ ದಿನಗಳನ್ನೇ ಕಡಿಮೆ ಮಾಡಿಕೊಳ್ಳಲು ಜಿಲ್ಲೆಗಳಿಗೆ ಅನುಮತಿಯಿತ್ತು. ಆಗಸ್ಟಿನಲ್ಲಿ ಶಾಲೆ ತೆರೆಯಿತು, ಮತದಾನ ನವೆಂಬರ್ 6ಕ್ಕೆ. ಆ ಮೂರು ತಿಂಗಳು, ತನ್ನ ತರಗತಿ ಬರುವ ಬೇಸಗೆಯಲ್ಲಿ ಯಾವ ದಿನ ಮುಗಿಯುವುದೆಂದು ಹೇಳಬಲ್ಲ ಅಧ್ಯಾಪಕ ಅಲ್ಲಿರಲಿಲ್ಲ. ಪ್ರಸ್ತಾವ ಶೇಕಡಾ 55ರಷ್ಟು ಮತಗಳಿಂದ ಗೆದ್ದಿತು. ವರಮಾನದ ಮೇಲಿನ ಆ ಹೆಚ್ಚುವರಿಯನ್ನು 2016ರಲ್ಲಿ 55ನೆಯ ಪ್ರಸ್ತಾವ 2030ರ ಕೊನೆಯವರೆಗೆ ಮುಂದುವರಿಸಿತು.